ವಸ್ತಿ ಎಲ್ಲಿ ಇರ್ತೀಯವ್ವಾ?

ಗೋವಾದಿಂದ ಹೌರಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಿಮಗೆಲ್ಲ ಗೊತ್ತು. ಹುಬ್ಬಳ್ಳಿ ದಾಟಿ ಗದಗ ಜಂಕ್ಷನ್ನಿಗೆ ಬಂದು, ಮುಂದೆ ಕೊಪ್ಪಳ, ಹೊಸಪೇಟೆ ಕಡೆ ಹೋಗುವ ಗಾಡಿ. ಚಳಿಗಾಲದಲ್ಲಿ ಆ ಗಾಡಿಯಲ್ಲಿ ಪರದೇಶದ ಹುಡುಗಿಯರು ಕಾಣುತ್ತಾರೆ. ಬೆನ್ನಿಗೆ ದೊಡ್ಡ ಚೀಲ. ಒಮ್ಮೆ ಒಬ್ಬಳೇ, ಒಮ್ಮೆ ಇಬ್ಬರು. ಗೋವಾ ಮುಗಿಸಿಕೊಂಡು ಹಂಪಿಗೆ ಹೊರಟವರು. ಗದಗಿನಲ್ಲಿ ಗಾಡಿ ನಿಂತಾಗ ಇಳಿದು ಚಹಾ ಕುಡಿದು ಮತ್ತೆ ಹತ್ತುತ್ತಾರೆ. ನಮ್ಮ ಹೆಂಗಸರು ಅವರನ್ನು ನೋಡಿ ಒಂದು ಮಾತು ಆಡುತ್ತಾರೆ. "ಇಷ್ಟು ದೂರ ಬಂದಾವಲ್ಲ, ರಾತ್ರಿ ಎಲ್ಲಿ ಮಲಗತಾವೋ ಏನೋ!"

ಆ ಮಾತಿನಲ್ಲಿ ಆಶ್ಚರ್ಯ ಇದೆ. ಅದಕ್ಕಿಂತ ಹೆಚ್ಚಾಗಿ ಕಾಳಜಿ ಇದೆ.

ಈಗ ಅದೇ ದಾರಿಯಲ್ಲಿ ನಮ್ಮ ಹುಡುಗಿಯರು ಆ ಕಡೆಗೆ ಹೊರಟಿದ್ದಾರೆ. ಬೆಟಗೇರಿಯ ನೇಕಾರರ ಮನೆಯ ಮಗಳು ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಹಿಡಿದಿರುತ್ತಾಳೆ. ಲಕ್ಷ್ಮೇಶ್ವರದ ಹುಡುಗಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿರುತ್ತದೆ. ಮುಂಡರಗಿಯ ಹುಡುಗಿ ನರ್ಸಿಂಗ್ ಮುಗಿಸಿ ಪರೀಕ್ಷೆಗೆಂದು ಹೊರದೇಶಕ್ಕೆ ಹೋಗಬೇಕಾಗಿರುತ್ತದೆ. ಶಿರಹಟ್ಟಿಯ ಇಬ್ಬರು ಗೆಳತಿಯರು ಹತ್ತು ದಿನ ವಿಯೆಟ್ನಾಂ ನೋಡಿ ಬರುತ್ತೇವೆ ಅನ್ನುತ್ತಾರೆ. ಮನೆಯಲ್ಲಿ ಅಪ್ಪ ಟಿಕೆಟ್ ಎಷ್ಟು ಅಂತ ಕೇಳುತ್ತಾನೆ. ಅಣ್ಣ ವೀಸಾ ಆಯಿತಾ ಅಂತ ಕೇಳುತ್ತಾನೆ. ಅವ್ವನ ಪ್ರಶ್ನೆ ಬೇರೆ. "ಹಗಲಿ ತಿರಗ್ಯಾಡ್ರಿ, ಬ್ಯಾಡ ಅನ್ನಂಗಿಲ್ಲ. ರಾತ್ರಿ ವಸ್ತಿ ಎಲ್ಲಿ ಇರ್ತೀಯವ್ವಾ?"

ಇವತ್ತಿನ ಮಾತು ಪೂರ್ತಿ ಆ ಒಂದು ಪ್ರಶ್ನೆಯ ಮೇಲೆ. ಪ್ರಶ್ನೆ ಸರಿಯಾಗಿದೆ. ಆದರೆ ಅದಕ್ಕೆ "ಹೋಗೋದ ಬ್ಯಾಡ" ಅನ್ನುವ ಉತ್ತರ ಸರಿಯಲ್ಲ. ಕಡಿಮೆ ದುಡ್ಡಿನಲ್ಲಿ, ನೆಮ್ಮದಿಯಾಗಿ ರಾತ್ರಿ ಕಳೆಯುವ ಜಾಗ ಹೊರದೇಶದಲ್ಲೂ ಸಿಗುತ್ತದೆ. ಅದನ್ನು ಹುಡುಕಲು ಹಣಕ್ಕಿಂತ ಹೆಚ್ಚು ಬೇಕಾಗಿರುವುದು ವಿಚಾರಿಸುವ ಬುದ್ಧಿ. ಆ ಬುದ್ಧಿ ನಮ್ಮ ಕಡೆಯ ತಾಯಂದಿರಲ್ಲಿ ಬೇಕಾದಷ್ಟಿದೆ.

ಮಗಳನ್ನು ಪಿ.ಯು.ಸಿ.ಗೆ ಧಾರವಾಡಕ್ಕೆ ಬಿಡಲು ಹೋದ ತಾಯಿಯನ್ನು ನೆನಪಿಸಿಕೊಳ್ಳಿ. ಆಕೆ ಹಾಸ್ಟೆಲಿನ ಬಣ್ಣ ನೋಡುವುದಿಲ್ಲ. ಸೀದಾ ಕೋಣೆಗೆ ಹೋಗುತ್ತಾಳೆ. ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕುತ್ತಾಳೆ. ಆಮೇಲೆ ಹಿಡಿಕೆ ಹಿಡಿದು ಎರಡು ಸಲ ಜೋರಾಗಿ ಜಗ್ಗುತ್ತಾಳೆ. ಚಿಲಕ ಅಲುಗಾಡಿದರೆ ಮುಖ ಗಂಟಾಗುತ್ತದೆ. ಕಿಟಕಿ ಎತ್ತ ತೆರೆಯುತ್ತದೆ, ಬಚ್ಚಲು ಕೋಣೆಯಿಂದ ಎಷ್ಟು ದೂರ, ರಾತ್ರಿ ಕರೆಂಟು ಹೋದರೆ ಏನು, ಎಲ್ಲ ನೋಡುತ್ತಾಳೆ. ವಾರ್ಡನ್ ಯಾವ ಊರಿನವರು ಅಂತ ಕೇಳುತ್ತಾಳೆ. ಬಸ್ ಸ್ಟ್ಯಾಂಡಿನಿಂದ ನಡೆದು ಬರುವ ದಾರಿಯಲ್ಲಿ ಅಂಗಡಿಗಳಿವೆಯೇ, ದೀಪ ಇವೆಯೇ ಅಂತ ಗಮನಿಸಿರುತ್ತಾಳೆ. ಕೊನೆಗೆ, ಅಲ್ಲಿ ಈಗಾಗಲೇ ಇರುವ ಒಬ್ಬ ಹುಡುಗಿಯನ್ನು ಬದಿಗೆ ಕರೆದು ಮೆಲ್ಲಗೆ ಕೇಳುತ್ತಾಳೆ. "ತಂಗೀ, ಖರೇ ಹೇಳು, ಇಲ್ಲಿ ಹೆಂಗೈತಿ?"

ಇಷ್ಟೇ ನೋಡಿ. ಬಾಗಿಲು, ದಾರಿ, ಜವಾಬ್ದಾರಿಯ ಮನುಷ್ಯ, ಮೊದಲು ಇದ್ದು ಬಂದವರ ಮಾತು. ಬ್ಯಾಂಕಾಕ್ ಆಗಲಿ ಬರ್ಲಿನ್ ಆಗಲಿ, ಪರೀಕ್ಷೆ ಇದೇ. ಧಾರವಾಡದಲ್ಲಿ ಕಣ್ಣಾರೆ ನೋಡುತ್ತಿದ್ದದ್ದನ್ನು ಅಲ್ಲಿಗೆ ಹೋಗುವ ಮೊದಲೇ ಫೋನಿನಲ್ಲಿ, ನಕ್ಷೆಯಲ್ಲಿ, ಬೇರೆಯವರು ಬರೆದ ಅಭಿಪ್ರಾಯದಲ್ಲಿ ನೋಡಬೇಕಾಗುತ್ತದೆ. ವ್ಯತ್ಯಾಸ ಅಷ್ಟೇ.

ಹೆಣ್ಣುಮಕ್ಕಳು ಸಮುದ್ರ ದಾಟಿ ಹೋಗಿ ಪರಸ್ಥಳದಲ್ಲಿ ಇರುವುದು ಈ ಕಾಲದ ಹೊಸ ಸಂಗತಿ ಅಂತ ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. ಅದಕ್ಕೆ ಸಾಕ್ಷಿ ಬೆಟಗೇರಿಯಲ್ಲೇ ಇದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ತರುಣಿಯರು ಮಿಷನರಿಗಳನ್ನು ಮದುವೆಯಾಗಲು ಹಡಗು ಹತ್ತಿ ನಮ್ಮ ದೇಶಕ್ಕೆ ಬರುತ್ತಿದ್ದ ಕಾಲ ಅದು. ಭಾಷೆ ಬಾರದು, ಊರು ಗೊತ್ತಿಲ್ಲ. ಆದರೂ ಬಂದರು. ಮಿಷನ್ನಿನ ಠಾಣೆಗಳು ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲೂ ಇದ್ದವು. ಇಳಿದ ಊರಿನಲ್ಲಿ ಗೊತ್ತಿದ್ದವರ ಮನೆ ಇತ್ತು. ಅದರಿಂದಲೇ ಆ ಪ್ರಯಾಣ ಸಾಧ್ಯವಾಯಿತು.

ಅದೇ ಶತಮಾನದಲ್ಲಿ ಲಂಡನ್ನಿನಲ್ಲಿ ಇನ್ನೊಂದು ಕೆಲಸ ನಡೆಯಿತು. 1855ರ ಮಾತು. ಕ್ರಿಮಿಯಾ ಯುದ್ಧಕ್ಕೆ ಶುಶ್ರೂಷೆ ಮಾಡಲು ಹೋಗಿಬರುವ ದಾದಿಯರಿಗೆ ಲಂಡನ್ನಿನಲ್ಲಿ ತಂಗಲು ಜಾಗ ಬೇಕಿತ್ತು. ಮೇರಿ ಜೇನ್ ಕಿನೈರ್ಡ್ ಎಂಬ ಮಹಿಳೆ ಅವರಿಗಾಗಿ ಒಂದು ಮನೆ ತೆರೆದರು. ವೈ.ಡಬ್ಲ್ಯು.ಸಿ.ಎ. ಎಂಬ ಜಗತ್ತಿನಾದ್ಯಂತದ ಮಹಿಳಾ ಸಂಸ್ಥೆಯ ಬೇರು ಆ ಮನೆಯಲ್ಲಿದೆ. ಇವತ್ತಿಗೂ ಹಲವು ದೇಶಗಳ ದೊಡ್ಡ ಊರುಗಳಲ್ಲಿ ವೈ.ಡಬ್ಲ್ಯು.ಸಿ.ಎ. ವಸತಿಗೃಹಗಳಿವೆ. ನಮ್ಮ ದೇಶದಲ್ಲೂ ಇವೆ.

ಇನ್ನೊಂದು ಬೇರು ಜರ್ಮನಿಯದು. ರಿಚರ್ಡ್ ಶಿರ್‌ಮಾನ್ ಎಂಬ ಶಾಲಾ ಮಾಸ್ತರರು 1909ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಹೊರಟಿದ್ದರು. ದಾರಿಯಲ್ಲಿ ಗುಡುಗು ಮಳೆ. ಆ ರಾತ್ರಿ ಅವರೆಲ್ಲ ಒಂದು ಹಳ್ಳಿಯ ಶಾಲೆಯಲ್ಲಿ ಮಲಗಿದರು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳಲ್ಲಿ ಪ್ರವಾಸಿ ಮಕ್ಕಳು ಯಾಕೆ ತಂಗಬಾರದು ಅಂತ ಮಾಸ್ತರರಿಗೆ ಹೊಳೆಯಿತು. 1912ರಲ್ಲಿ ಆಲ್ಟೇನಾ ಎಂಬ ಊರಿನ ಹಳೇ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಶುರುವಾಯಿತು. ಆ ಚಳವಳಿ ನಮ್ಮ ನಾಡಿಗೂ ಬಂತು. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿದ್ದು 1949ರಲ್ಲಿ, ಮೈಸೂರಿನಲ್ಲಿ.

ಕನ್ನಡದ ಹೆಣ್ಣುಮಕ್ಕಳ ಮಾತಿಗೆ ಬರೋಣ. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಸ್ವಾತಂತ್ರ್ಯ ಬರುವ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಓದಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ವಿಮಾನ ಪ್ರಯಾಣ ಸಾಮಾನ್ಯವಾಗಿರಲಿಲ್ಲ. ದೂರದ ಹಡಗಿನ ಪ್ರಯಾಣ. ಅಲ್ಲಿ ಅವರಿಗೆ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಲೀವೈ ಬಾರ್ಬರ್ ಎಂಬ ವಕೀಲರು 1917ರಲ್ಲಿ ಏರ್ಪಡಿಸಿದ ಹಣ ಅದು. ಆ ವಕೀಲರು ಓದಿನ ಖರ್ಚು ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಹೆಣ್ಣುಮಕ್ಕಳು ಇರಲು ಒಂದು ವಸತಿಗೃಹಕ್ಕೂ ಹಣ ಕೊಟ್ಟರು. ತಮ್ಮ ತಾಯಿ ಬೆಟ್ಸಿ ಬಾರ್ಬರ್ ಹೆಸರಿನ ಆ ಕಟ್ಟಡ 1920ರಲ್ಲಿ ತೆರೆಯಿತು. ದೂರದ ಊರಿನ ಹುಡುಗಿಗೆ ಫೀ ಎಷ್ಟು ಮುಖ್ಯವೋ ಸೂರು ಅಷ್ಟೇ ಮುಖ್ಯ ಅಂತ ಆ ಮನುಷ್ಯ ಅರಿತಿದ್ದರು. ನಮ್ಮ ಕಡೆಯ ದಾನಿಗಳೂ ಸಂಘ ಸಂಸ್ಥೆಗಳೂ ಇದನ್ನು ಗಮನಿಸಬೇಕು. ರಾಜೇಶ್ವರಿಯವರು 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದರು.

ಇನ್ನು ಪ್ರವಾಸವೇ ಉದ್ದೇಶವಾಗಿ ಹೊರಟವರಲ್ಲಿ ಲೇಖಕಿ ನೇಮಿಚಂದ್ರ ಇದ್ದಾರೆ. ವೃತ್ತಿಯಿಂದ ಎಂಜಿನಿಯರ್. ಗೆಳತಿಯ ಜೊತೆ, ಟೂರ್ ಕಂಪನಿಯ ಹಂಗಿಲ್ಲದೆ, ದಕ್ಷಿಣ ಅಮೆರಿಕದ ಪೆರು ದೇಶದವರೆಗೆ ಹೋಗಿ ಬಂದರು. "ಪೆರುವಿನ ಪವಿತ್ರ ಕಣಿವೆಯಲ್ಲಿ" ಎಂಬ ಅವರ ಪುಸ್ತಕ ನಮ್ಮ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಹೊರದೇಶಕ್ಕೆ ಹೊರಡುವ ಹುಡುಗಿಯೂ ಓದಲಿ, ಹೆದರುವ ತಂದೆಯೂ ಓದಲಿ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ವಸತಿಯನ್ನು ಪರೀಕ್ಷೆ ಮಾಡುವುದು ನಮ್ಮ ತಾಯಂದಿರಿಗೆ ಗೊತ್ತು. ಹೆಣ್ಣುಮಕ್ಕಳಿಗಾಗಿ ಅಂಥ ವಸತಿ ಕಟ್ಟುವ ಕೆಲಸ ಜಗತ್ತಿನಲ್ಲಿ ನೂರೈವತ್ತು ವರ್ಷಗಳಿಗೂ ಹಿಂದೆ ಶುರುವಾಗಿದೆ. ಈಗ ಮೂರನೆಯದು. ಕಡಿಮೆ ದುಡ್ಡಿಗೆ ಸಿಗುವ ಜಾಗಗಳು ಯಾವ ಯಾವ ನಮೂನೆಯವು?

ಮೊದಲನೆಯದು ಹಾಸ್ಟೆಲ್. ನಮ್ಮ ಕಡೆ ಹಾಸ್ಟೆಲ್ ಅಂದರೆ ಓದುವ ಮಕ್ಕಳು ವರ್ಷವಿಡೀ ಇರುವ ಜಾಗ. ಪ್ರವಾಸಿಗಳ ಹಾಸ್ಟೆಲ್ ಹಾಗಲ್ಲ. ಅಲ್ಲಿ ಕೋಣೆ ಬಾಡಿಗೆಗೆ ಕೊಡುವುದಿಲ್ಲ, ಹಾಸಿಗೆ ಬಾಡಿಗೆಗೆ ಕೊಡುತ್ತಾರೆ. ಒಂದು ಕೋಣೆಯಲ್ಲಿ ನಾಲ್ಕು, ಆರು, ಎಂಟು ಹಾಸಿಗೆ. ರೈಲಿನ ಬರ್ತಿನ ಹಾಗೆ ಮೇಲೊಂದು ಕೆಳಗೊಂದು. ಒಳ್ಳೆಯ ಕಡೆ ಪ್ರತಿ ಹಾಸಿಗೆಗೆ ಪರದೆ ಇರುತ್ತದೆ, ತಲೆ ಹತ್ತಿರ ಸಣ್ಣ ದೀಪ ಇರುತ್ತದೆ, ಫೋನಿಗೆ ಚಾರ್ಜು ಮಾಡುವ ಪ್ಲಗ್ ಇರುತ್ತದೆ. ಕೆಳಗೆ ಸಾಮಾನು ಇಡಲು ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಬೀಗ ನಿಮ್ಮದೇ. ಹಾಗಾಗಿ ಒಂದು ಗಟ್ಟಿ ಸಣ್ಣ ಬೀಗವನ್ನು ಗದಗಿನಿಂದಲೇ ಒಯ್ಯಿರಿ. ಬಚ್ಚಲು ಎಲ್ಲರಿಗೂ ಸೇರಿದ್ದು. ಅಡುಗೆ ಮನೆಯೂ ಬಹಳ ಕಡೆ ಇರುತ್ತದೆ. ಅಲ್ಲಿ ಅನ್ನ ಬೇಯಿಸಿಕೊಳ್ಳಬಹುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋದವರಿಗೆ ಊಟದ ಖರ್ಚು ಅರ್ಧ ಉಳಿಯುತ್ತದೆ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮಾತ್ರ ತಿನ್ನುವ ಪದಾರ್ಥ ಏನೇ ತಂದರೂ ವಿಮಾನ ನಿಲ್ದಾಣದಲ್ಲೇ ಬರೆದುಕೊಡಬೇಕು. ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಬೆಲೆಯ ಅಂದಾಜು ಹೀಗಿದೆ. ವಿಯೆಟ್ನಾಂ, ಥಾಯ್ಲೆಂಡ್ ಕಡೆ ಒಂದು ಹಾಸಿಗೆಗೆ ರಾತ್ರಿಗೆ ಸುಮಾರು 500ರಿಂದ 1,000 ರೂಪಾಯಿ. ಪಶ್ಚಿಮ ಯುರೋಪಿನ ದೊಡ್ಡ ಊರುಗಳಲ್ಲಿ ಸುಮಾರು 2,500ರಿಂದ 5,000.

ಇಲ್ಲಿ ಒಂದು ಮಾತನ್ನು ಹುಡುಗಿಯರು ಚೆನ್ನಾಗಿ ಗಮನದಲ್ಲಿಡಬೇಕು. ಬುಕ್ ಮಾಡುವಾಗ ಅಗ್ಗದ ಹಾಸಿಗೆ ಅಂತ ಮೊದಲಿಗೆ ಕಾಣುವುದು ಬಹಳ ಸಲ ಮಿಕ್ಸೆಡ್ ಡಾರ್ಮ್ ಆಗಿರುತ್ತದೆ. ಅಂದರೆ ಗಂಡಸರು, ಹೆಂಗಸರು ಒಂದೇ ಕೋಣೆಯಲ್ಲಿ. ಅವಸರದಲ್ಲಿ ಅದನ್ನೇ ಒತ್ತಿ, ಅಲ್ಲಿಗೆ ಹೋದ ಮೇಲೆ ಗಾಬರಿಯಾದವರು ಇದ್ದಾರೆ. ಫೀಮೇಲ್ ಡಾರ್ಮ್ ಅಂತ ಬರೆದಿದೆಯೇ ನೋಡಿ, ಅದನ್ನೇ ಆರಿಸಿ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಆಗಲಿ. ಆ ಹಣ ಉಳಿಸುವ ಜಾಗ ಇದಲ್ಲ.

ಜಪಾನಿನಲ್ಲಿ ಇನ್ನೊಂದು ನಮೂನೆ ಇದೆ. ಕ್ಯಾಪ್ಸೂಲ್ ಹೋಟೆಲ್. ಒಬ್ಬರು ಮಲಗುವಷ್ಟೇ ಅಗಲದ ಗೂಡು, ಸಾಲಾಗಿ, ಒಂದರ ಮೇಲೊಂದು. ಎದ್ದು ನಿಲ್ಲಲಾಗದು, ಕೂತು ಓದಬಹುದು. 1979ರಲ್ಲಿ ಒಸಾಕಾದಲ್ಲಿ ಇದು ಶುರುವಾದಾಗ ಗಂಡಸರ ಜಾಗವಾಗಿತ್ತು. ಈಗ ಎಷ್ಟೋ ಕಡೆ ಹೆಂಗಸರಿಗೆ ಬೇರೆಯೇ ಮಹಡಿ, ಬೇರೆಯೇ ಲಿಫ್ಟು ಇವೆ.

ಇನ್ನೊಂದು ನಮೂನೆ ನಮ್ಮವರಿಗೆ ಬಹಳ ಹತ್ತಿರದ್ದು. ಮಠದ ವಸತಿ. ಕಾಶಿಗೆ ಹೋದ ನಮ್ಮ ಹಿರಿಯರು ಜಂಗಮವಾಡಿ ಮಠದಲ್ಲಿ ಇಳಿದುಕೊಂಡವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಉಂಡು, ಅಲ್ಲೇ ಇದ್ದು, ಸಂಗೀತ ಕಲಿತು ದೊಡ್ಡವರಾಗಿದ್ದಾರೆ. ದಾಸೋಹ, ವಸತಿ ಅಂದರೆ ಏನು ಅಂತ ಶಿರಹಟ್ಟಿ ಫಕೀರೇಶ್ವರ ಮಠದ ಜಾತ್ರೆ ಕಂಡವರಿಗೆ ಹೇಳಿಕೊಡಬೇಕಾಗಿಲ್ಲ. ಇಂಥ ವ್ಯವಸ್ಥೆ ಹೊರದೇಶದಲ್ಲೂ ಇದೆ. ಇಟಲಿಯ ರೋಮ್ ನಗರದಲ್ಲಿ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟುಗಳು ಪ್ರವಾಸಿಗಳಿಗೆ ಕೋಣೆ ಕೊಡುತ್ತವೆ. ಸಾದಾ ಕೋಣೆ, ಚೊಕ್ಕ ಹಾಸಿಗೆ. ಟಿವಿ ಇರುವುದಿಲ್ಲ. ಬಹಳ ಕಡೆ ರಾತ್ರಿ ಹನ್ನೊಂದರ ಹೊತ್ತಿಗೆ ಹೆಬ್ಬಾಗಿಲು ಹಾಕುತ್ತಾರೆ. ತಡವಾಗಿ ಬರುವವರಿಗೆ ಅದು ಕಟ್ಟುನಿಟ್ಟು ಅನ್ನಿಸಬಹುದು. ಮೊದಲ ಸಲ ಹೊರದೇಶಕ್ಕೆ ಹೋದ ಹುಡುಗಿಗೆ, ಇಲ್ಲಿ ಕೂತ ಅವಳ ತಾಯಿಗೆ, ಅದೇ ದೊಡ್ಡ ಸಮಾಧಾನ. ದಕ್ಷಿಣ ಕೊರಿಯಾದಲ್ಲಿ 2002ರ ವಿಶ್ವಕಪ್ ಫುಟ್‌ಬಾಲಿಗೆ ಜನ ಬಂದಾಗ ಬೌದ್ಧ ಮಠಗಳು ಬಾಗಿಲು ತೆರೆದವು. ಟೆಂಪಲ್ ಸ್ಟೇ ಅನ್ನುವ ಆ ಪದ್ಧತಿ ಈಗಲೂ ನಡೆದಿದೆ. ಬೆಳಗಿನ ಜಾವ ಏಳಬೇಕು, ಊಟ ಪೂರ್ತಿ ಸಸ್ಯಾಹಾರ. ನಮ್ಮ ಎಷ್ಟೋ ಮನೆಗಳ ಹುಡುಗಿಯರಿಗೆ ಇದಕ್ಕಿಂತ ಹೊಂದುವ ಜಾಗ ಯಾವುದು?

ಬ್ರಿಟನ್ನಿನಲ್ಲಿ ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಕೋಣೆಗಳು ಖಾಲಿ ಆಗುತ್ತವೆ. ಅವನ್ನೂ ಪ್ರವಾಸಿಗಳಿಗೆ ಕೊಡುತ್ತಾರೆ. ಲಂಡನ್ನಿನಂಥ ದುಬಾರಿ ಊರಿನಲ್ಲಿ ಒಬ್ಬರಿಗೇ ಒಂದು ಕೋಣೆ ಬೇಕು ಅನ್ನುವವರಿಗೆ ಇದು ಒಳ್ಳೆಯ ದಾರಿ.

ಹಾಸಿಗೆ ಲೆಕ್ಕದ ಹಾಸ್ಟೆಲ್, ಜಪಾನಿನ ಗೂಡು, ಮಠ ಮತ್ತು ಕಾನ್ವೆಂಟು, ರಜೆಯ ಕಾಲೇಜು ಕೋಣೆ, ವೈ.ಡಬ್ಲ್ಯು.ಸಿ.ಎ. ಇವಿಷ್ಟು ನೆನಪಿರಲಿ. ಈಗ ಇವುಗಳಲ್ಲಿ ಒಂದನ್ನು ಆರಿಸುವುದು ಹೇಗೆ ಅನ್ನುವ ಮಾತು. ಇದೇ ಎಲ್ಲಕ್ಕಿಂತ ಮುಖ್ಯವಾದದ್ದು.

ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆ ಅನ್ನುವುದರಿಂದ ಶುರು ಮಾಡಿ. ಟಿಕೆಟ್ ಒಂದೆರಡು ಸಾವಿರ ಅಗ್ಗ ಅಂತ ನಡುರಾತ್ರಿ ಇಳಿಯುವ ವಿಮಾನ ಹಿಡಿದರೆ, ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಟ್ಯಾಕ್ಸಿಯಲ್ಲಿ, ಕತ್ತಲಲ್ಲಿ ವಿಳಾಸ ಹುಡುಕಬೇಕಾಗುತ್ತದೆ. ಉಳಿಸಿದ ಹಣ ಟ್ಯಾಕ್ಸಿಗೇ ಹೋಗುತ್ತದೆ, ಎದೆ ಡವಗುಟ್ಟುವುದು ಬೇರೆ. ಹಗಲು ಹೊತ್ತಿನಲ್ಲಿ ಇಳಿಯುವ ವಿಮಾನವನ್ನೇ ಹಿಡಿಯಿರಿ. ಆಗದಿದ್ದರೆ ಬೆಳಕು ಹರಿಯುವವರೆಗೆ ವಿಮಾನ ನಿಲ್ದಾಣದ ಒಳಗೇ ಕೂತಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆಮೇಲೆ ಜಾಗ. ಊರ ಹೊರಗಿನ ಹಾಸ್ಟೆಲ್ ಐದುನೂರು ರೂಪಾಯಿ ಅಗ್ಗ ಇರಬಹುದು. ದಿನಾ ಸಂಜೆ ಅಲ್ಲಿಗೆ ಮರಳುವ ಖರ್ಚು ಮತ್ತು ಕತ್ತಲ ದಾರಿಯನ್ನು ಲೆಕ್ಕಕ್ಕೆ ಹಿಡಿದರೆ ಅದು ಅಗ್ಗ ಅಲ್ಲ. ರೈಲು ಅಥವಾ ಮೆಟ್ರೋ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಇರಲಿ. ಫೋನಿನ ನಕ್ಷೆಯಲ್ಲಿ ರಸ್ತೆಯ ಚಿತ್ರಗಳೇ ಸಿಗುವ ಊರುಗಳಿವೆ. ಮನೆಯಲ್ಲೇ ಕೂತು ಆ ದಾರಿಯಲ್ಲಿ ಒಂದು ಸಲ ನಡೆದು ನೋಡಿ. ಅಂಗಡಿ ಇವೆಯೇ? ಬೀದಿ ದೀಪ ಇವೆಯೇ? ಇಲ್ಲ, ಗೋದಾಮುಗಳ ಸಾಲೇ?

ಮೂರನೆಯದು, ಇದ್ದು ಬಂದವರ ಮಾತು. ಬುಕಿಂಗ್ ಆ್ಯಪ್‌ಗಳಲ್ಲಿ ನೂರಾರು ಜನ ಬರೆದಿರುತ್ತಾರೆ. ಹತ್ತಕ್ಕೆ ಒಂಬತ್ತು ಅಂಕ ಅಂತ ಕಂಡ ಕೂಡಲೇ ದುಡ್ಡು ಕಟ್ಟಬೇಡಿ. ಹೊಗಳಿದ್ದನ್ನು ಬಿಡಿ, ಬೈದದ್ದನ್ನು ಓದಿ. ಕಳೆದ ಎರಡು ಮೂರು ತಿಂಗಳಲ್ಲಿ ಬರೆದದ್ದನ್ನು ಓದಿ. ಹೆಂಗಸರು ಬರೆದದ್ದನ್ನು ಆರಿಸಿ ಓದಿ. ನೀರು ತಣ್ಣಗಿತ್ತು, ನಾಷ್ಟಾ ಚೆನ್ನಾಗಿರಲಿಲ್ಲ ಅಂತ ಬೈದಿದ್ದರೆ ಚಿಂತೆ ಇಲ್ಲ. ಬೀಗ ಕೆಟ್ಟಿತ್ತು, ರಾತ್ರಿ ಕೌಂಟರಿನಲ್ಲಿ ಯಾರೂ ಇರಲಿಲ್ಲ, ಕೆಲಸದವನ ನಡವಳಿಕೆ ಸರಿ ಇರಲಿಲ್ಲ ಅಂತ ಒಬ್ಬ ಹುಡುಗಿ ಬರೆದಿದ್ದರೂ ಸಾಕು, ಆ ಜಾಗ ಬಿಟ್ಟುಬಿಡಿ. ಧಾರವಾಡದ ಹಾಸ್ಟೆಲಿನಲ್ಲಿ ತಾಯಿ ಬದಿಗೆ ಕರೆದು ಕೇಳಿದ ಹುಡುಗಿಯೇ ಇವಳು ಅಂತ ತಿಳಿಯಿರಿ.

ಕೌಂಟರಿನಲ್ಲಿ ಇಪ್ಪತ್ನಾಲ್ಕು ಗಂಟೆ ಜನ ಇರುತ್ತಾರೆಯೇ ಅನ್ನುವುದನ್ನು ಬೇರೆಯಾಗಿಯೇ ನೋಡಬೇಕು. ಒಂದು ಸಲ ಫೋನು ಮಾಡಿ, ಇಲ್ಲವೇ ಸಂದೇಶ ಕಳಿಸಿ. ನಾವು ಇಂಥ ದಿನ, ಇಂಥ ಹೊತ್ತಿಗೆ ಬರುತ್ತೇವೆ, ವಿಮಾನ ನಿಲ್ದಾಣದಿಂದ ಹೇಗೆ ಬರಬೇಕು ಅಂತ ಕೇಳಿ. ಸರಿಯಾದ ಜಾಗದವರು ಬಸ್ಸಿನ ನಂಬರ್ ಸಹಿತ ಉತ್ತರ ಕೊಡುತ್ತಾರೆ. ಎರಡು ದಿನ ಉತ್ತರವೇ ಬಾರದಿದ್ದರೆ ಅದೂ ಒಂದು ಉತ್ತರವೇ.

ಯುರೋಪಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಷೆಂಗೆನ್ ವೀಸಾ ಕೇಳುವಾಗ ಎಲ್ಲಿ ಇರುತ್ತೀರಿ ಅನ್ನುವುದಕ್ಕೆ ಕಾಗದ ತೋರಿಸಬೇಕು. 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಬೇಕು. ಕೆಲವರು ವೀಸಾಕ್ಕೆ ಮಾತ್ರ ಒಂದು ಹೋಟೆಲ್ ಬುಕ್ ಮಾಡಿ, ವೀಸಾ ಕೈಗೆ ಬಂದ ಮೇಲೆ ರದ್ದು ಮಾಡಿಬಿಡುತ್ತಾರೆ. ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು ಅಂತ ಹೊರಡುತ್ತಾರೆ. ಬೇಸಿಗೆಯಲ್ಲಿ ಪ್ಯಾರಿಸ್, ರೋಮ್‌ಗಳಲ್ಲಿ ಒಳ್ಳೆಯ ಹಾಸಿಗೆಗಳು ಮೊದಲೇ ತುಂಬಿರುತ್ತವೆ. ಇಂಥ ಆಟ ಆಡಬೇಡಿ. ಕನಿಷ್ಠ ಮೊದಲ ಎರಡು ರಾತ್ರಿಗಳ ವಸ್ತಿ ಖಾತ್ರಿ ಇಲ್ಲದೆ ಗದಗ ಬಿಡಬೇಡಿ.

ಓದಲು ಹೋಗುವ ಹುಡುಗಿಯರ ಕಷ್ಟ ಬೇರೆ. ಅವರಿಗೆ ಬೇಕಾದದ್ದು ತಿಂಗಳುಗಟ್ಟಲೆ ಇರುವ ಕೋಣೆ. ಇಲ್ಲಿ ಮೋಸ ಹೆಚ್ಚು. ಚೆಂದದ ಕೋಣೆಯ ಫೋಟೋ ಬರುತ್ತದೆ. ಬಾಡಿಗೆ ಬಹಳ ಕಡಿಮೆ. ಮಾಲೀಕ ಬೇರೆ ದೇಶದಲ್ಲಿ ಇದ್ದೇನೆ ಅನ್ನುತ್ತಾನೆ. ಡಿಪಾಜಿಟ್ ಕಳಿಸಿ, ಕೀಲಿ ಪೋಸ್ಟಿನಲ್ಲಿ ಬರುತ್ತದೆ ಅನ್ನುತ್ತಾನೆ. ದುಡ್ಡು ಹೋಗುತ್ತದೆ, ಕೀಲಿ ಬರುವುದಿಲ್ಲ. ಆ ಮನೆಯೇ ಅವನದಾಗಿರುವುದಿಲ್ಲ. ಆದ್ದರಿಂದ ಕಣ್ಣಾರೆ ನೋಡದ, ನಂಬಿಕೆಯವರು ಯಾರೂ ಹೋಗಿ ನೋಡಿಬಾರದ ಕೋಣೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ವಿಶ್ವವಿದ್ಯಾಲಯದ ವಸತಿ ಕಚೇರಿಗೆ ಮೊದಲು ಬರೆಯಿರಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಯ ಡಿಪಾಜಿಟ್ಟನ್ನು ಮಾಲೀಕರು ಸರಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು ಅನ್ನುವ ಕಾನೂನು 2007ರಿಂದ ಇದೆ. ಇದನ್ನು ಕೇಳಿ ತಿಳಿದುಕೊಳ್ಳುವುದು ಬಾಡಿಗೆದಾರರ ಹಕ್ಕು.

ನೌಕರಿಗೆ ಹೋಗುವ ನರ್ಸುಗಳಿಗೆ ಒಂದೇ ಮಾತು. ವಸತಿ ಕೊಡುತ್ತೇವೆ ಅಂತ ಏಜೆಂಟ್ ಬಾಯಲ್ಲಿ ಹೇಳಿದರೆ ಸಾಲದು. ಒಪ್ಪಂದದ ಕಾಗದದಲ್ಲಿ ಬರೆದಿರಬೇಕು. ಆ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದವನೇ ಅಂತ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಕೇಳುಗರೇ, ಹಗಲು ಇಳಿಯಬೇಕು, ಸ್ಟೇಷನ್ ಹತ್ತಿರ ಇರಬೇಕು, ಹೆಂಗಸರು ಬರೆದ ದೂರುಗಳನ್ನು ಓದಬೇಕು, ಮೊದಲೇ ಮಾತಾಡಿರಬೇಕು. ಇದು ಹೊರಡುವ ಮುಂಚಿನ ಕೆಲಸ. ಇನ್ನು ಅಲ್ಲಿಗೆ ಮುಟ್ಟಿದ ಮೇಲಿನ ಮಾತು.

ಕೋಣೆಗೆ ಹೋದ ಕೂಡಲೇ ಚೀಲ ಬಿಚ್ಚಬೇಡಿ. ಮೊದಲು ಬಾಗಿಲು ಮುಚ್ಚಿ ಚಿಲಕ ಜಗ್ಗಿ ನೋಡಿ. ಬೆಂಕಿ ಬಿದ್ದರೆ ಹೊರಗೆ ಹೋಗುವ ಇನ್ನೊಂದು ದಾರಿ ಎಲ್ಲಿದೆ ಅಂತ ನಡೆದು ನೋಡಿ. ಕೌಂಟರಿನಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ಅದು ಸಹಜ. ನಮ್ಮ ದೇಶದ ಲಾಡ್ಜುಗಳೂ ಹೊರದೇಶದವರು ಬಂದರೆ ಸರಕಾರಕ್ಕೆ ವರದಿ ಕೊಡಬೇಕು. ಅವರು ಜೆರಾಕ್ಸ್ ಮಾಡಿಕೊಳ್ಳಲಿ. ಆದರೆ ಪಾಸ್‌ಪೋರ್ಟ್ ನಿಮ್ಮ ಕೈಗೆ ಮರಳಿ ಬರಬೇಕು. ಒತ್ತೆ ಇಟ್ಟು ಬರುವ ವಸ್ತು ಅಲ್ಲ ಅದು. ಕೋಣೆಯ ನಂಬರನ್ನು ಎಲ್ಲರ ಎದುರು ಜೋರಾಗಿ ಹೇಳಿದರೆ ಬೇರೆ ಕೋಣೆ ಕೇಳಿ. ಕೇಳುವುದು ತಪ್ಪಲ್ಲ. ಅಲ್ಲಿನ ಭಾಷೆಯಲ್ಲಿ ವಿಳಾಸ ಅಚ್ಚಾದ ಕಾರ್ಡು ಇಸಿದುಕೊಳ್ಳಿ. ಜಪಾನಿನಲ್ಲಿ, ಥಾಯ್ಲೆಂಡಿನಲ್ಲಿ ಟ್ಯಾಕ್ಸಿಯವನಿಗೆ ನೀವು ಇಂಗ್ಲಿಷಿನಲ್ಲಿ ಹೇಳಿದ್ದಕ್ಕಿಂತ ಆ ಕಾರ್ಡು ತೋರಿಸಿದ್ದು ಬೇಗ ತಿಳಿಯುತ್ತದೆ. ಇರುವ ಜಾಗದ ಫೋಟೋವನ್ನು ಆವತ್ತೇ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಆ ಊರು ಬಿಟ್ಟ ಮೇಲೆ ಹಾಕಿದರೆ ಚಿತ್ರ ಏನೂ ಹಳಸುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಜಾಗ ಮನಸ್ಸಿಗೆ ಬರದೇ ಇರಬಹುದು. ಕಾರಣ ಹೇಳಲು ಬಾರದು, ಆದರೂ ಸರಿ ಅನ್ನಿಸುವುದಿಲ್ಲ. ಆಗ ಕಟ್ಟಿದ ದುಡ್ಡಿನ ಮುಖ ನೋಡದೆ ಎದ್ದು ಹೊರಡಬೇಕು. ಅದಕ್ಕಾಗಿಯೇ ಒಂದು ರಾತ್ರಿಯ ಒಳ್ಳೆಯ ಹೋಟೆಲಿಗೆ ಸಾಕಾಗುವಷ್ಟು ಹಣವನ್ನು ಬೇರೆ ಜೇಬಿನಲ್ಲಿ ಇಟ್ಟಿರಿ. ಮನೆಯವರು ಮಗಳಿಗೆ ಹೇಳಿ ಕಳಿಸಬೇಕಾದ ಮಾತು ಇದು. "ರೊಕ್ಕ ಹೋದ್ರ ಹೋಗ್ಲಿ, ನೀ ಅಲ್ಲಿ ಇರಬ್ಯಾಡ." ಬೈಯುತ್ತಾರೆ ಅನ್ನುವ ಹೆದರಿಕೆಗೆ ಕೆಟ್ಟ ಜಾಗದಲ್ಲೇ ರಾತ್ರಿ ಕಳೆದ ಹುಡುಗಿಯರಿದ್ದಾರೆ.

ಫೋನ್ ನಂಬರ್ ಕೆಲವು ಹೇಳುತ್ತೇವೆ, ಬರೆದುಕೊಳ್ಳಿ. ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲಿ ತುರ್ತು ಸಹಾಯಕ್ಕೆ 112. ನಮ್ಮ ದೇಶದ್ದೂ ಅದೇ. ಬ್ರಿಟನ್ನಿನಲ್ಲಿ 999, ಸಿಂಗಪುರದಲ್ಲಿ ಪೊಲೀಸರಿಗೆ 999. ಜಪಾನಿನಲ್ಲಿ 110. ವಿಯೆಟ್ನಾಂನಲ್ಲಿ 113. ನೇಪಾಳದಲ್ಲಿ 100. ಥಾಯ್ಲೆಂಡಿನಲ್ಲಿ ಪ್ರವಾಸಿಗಳಿಗಾಗಿಯೇ ಇರುವ ಪೊಲೀಸರ ನಂಬರ್ 1155.

ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರ್ ಕೂಡ ಕಾಗದದಲ್ಲಿ ಬರೆದಿರಲಿ. ಫೋನ್ ಕಳೆದರೆ ಫೋನಿನೊಳಗಿನ ನಂಬರ್ ಉಪಯೋಗಕ್ಕೆ ಬಾರದು. ಕಷ್ಟಕ್ಕೆ ಸಿಕ್ಕ ಭಾರತೀಯರಿಗೆ ತಾತ್ಕಾಲಿಕ ಊಟ, ವಸತಿ ಕೊಡಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಒಂದು ಕಲ್ಯಾಣ ನಿಧಿ ಇದೆ. ಸಲಹೆಗೆ ಅಲ್ಲಿನ ಕನ್ನಡಿಗರೂ ಇದ್ದಾರೆ. ಬ್ರಿಟನ್ನಿನ ಕನ್ನಡ ಬಳಗ 1983ರಿಂದ ನಡೆದಿದೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ಅಕ್ಕ 1998ರಲ್ಲಿ ಹುಟ್ಟಿತು. ಸಿಂಗಪುರ, ದುಬೈಗಳಲ್ಲೂ ಕನ್ನಡ ಸಂಘಗಳಿವೆ. ಹೊರಡುವ ಮುಂಚೆ ಒಂದು ಪತ್ರ ಬರೆದು, ಯಾವ ಬಡಾವಣೆಯಲ್ಲಿ ಇರುವುದು ಒಳ್ಳೆಯದು ಅಂತ ಕೇಳಿದರೆ ಹೇಳುತ್ತಾರೆ. ಅವರ ಮನೆಯಲ್ಲೇ ಇಳಿಯುತ್ತೇವೆ ಅಂತ ಮಾತ್ರ ಕೇಳಬೇಡಿ. ಸಲಹೆ ಕೇಳುವುದು ಬೇರೆ, ಭಾರ ಹಾಕುವುದು ಬೇರೆ.

ಮನೆಯಲ್ಲಿ ಉಳಿದವರಿಗೂ ಒಂದು ಕೆಲಸ ಇದೆ. ಮಗಳು ಯಾವ ದಿನ ಯಾವ ಊರು, ಯಾವ ವಸತಿ, ಅಲ್ಲಿನ ನಂಬರ್ ಯಾವುದು, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡು ಕ್ಯಾಲೆಂಡರಿನ ಪಕ್ಕ ಅಂಟಿಸಿ. ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಆಗ ಮಾತಾಡಿ. ತಾಸಿಗೊಮ್ಮೆ ಫೋನ್ ಮಾಡಿದರೆ ಅವಳ ಫೋನಿನ ಚಾರ್ಜು ಮುಗಿಯುತ್ತದೆ. ಹೊತ್ತಿನ ವ್ಯತ್ಯಾಸವೂ ಗಮನದಲ್ಲಿರಲಿ. ಬೇಸಿಗೆಯಲ್ಲಿ ಲಂಡನ್ನಿನಲ್ಲಿ ರಾತ್ರಿ ಹತ್ತು ಅಂದರೆ ಲಕ್ಷ್ಮೇಶ್ವರದಲ್ಲಿ ನಸುಕಿನ ಎರಡೂವರೆ. ಅವಳು ಸುಖವಾಗಿ ಮಲಗಿರುತ್ತಾಳೆ, ನೀವು ಎದ್ದು ಕೂತಿರುತ್ತೀರಿ.

ಒಮ್ಮೆಲೇ ಯುರೋಪಿಗೆ ಹೋಗಬೇಕು ಅಂತಿಲ್ಲ. ಹಂಪಿ, ಗೋವಾ, ಮೈಸೂರುಗಳಲ್ಲೇ ಹಾಸಿಗೆ ಲೆಕ್ಕದ ಹಾಸ್ಟೆಲ್‌ಗಳಿವೆ. ಒಂದು ರಾತ್ರಿ ಅಲ್ಲಿ ಇದ್ದು ನೋಡಿ. ಆಮೇಲೆ ನೇಪಾಳ. ಭಾರತೀಯರಿಗೆ ಅಲ್ಲಿ ವೀಸಾ ಬೇಡ. ಕಠ್ಮಂಡುವಿನ ಪಶುಪತಿನಾಥನ ಪೂಜೆಯನ್ನು ಕರ್ನಾಟಕ ಮೂಲದ ಭಟ್ಟರು ಪರಂಪರೆಯಿಂದ ಮಾಡುತ್ತ ಬಂದಿದ್ದಾರೆ. ಹೊರದೇಶದ ಮೊದಲ ವಸ್ತಿಗೆ ಅದಕ್ಕಿಂತ ಸಲೀಸಾದ ಊರು ಕಡಿಮೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಓದಿ ಹೊರದೇಶ ನೋಡಿ ಬಂದ ಹುಡುಗಿಯರು ಈಗ ಪ್ರತಿ ಊರಿನಲ್ಲೂ ಇದ್ದಾರೆ. ದೀಪಾವಳಿಗೆ, ಜಾತ್ರೆಗೆ ಅವರು ಊರಿಗೆ ಬರುತ್ತಾರೆ. ಬಂದಾಗ ಒಂದು ಮಧ್ಯಾಹ್ನ ಕಾಲೇಜಿಗೆ ಕರೆಸಿ. ಎಲ್ಲಿ ಇದ್ದರು, ಎಷ್ಟು ಕೊಟ್ಟರು, ಯಾವ ಜಾಗ ಬಿಟ್ಟು ಎದ್ದು ಬಂದರು ಅಂತ ಅವರ ಬಾಯಿಂದಲೇ ಹೇಳಿಸಿ. ಆ ಮಾತು ಕೇಳಲು ಹುಡುಗಿಯರ ಜೊತೆ ಅವರ ತಾಯಂದಿರನ್ನೂ ಕರೆಯಿರಿ.